ಸಂಕಟಕ್ಕೆ ಮೊದಲೋ, ಅನಂತರವೋ? ಕ್ರೈಸ್ತರಲ್ಲಿ ಹುಟ್ಟಿದ ಒಂದು ಮತಭೇದದ ಚರಿತ್ರೆ

ಯುಗಾಂತ್ಯವನ್ನು ಕುರಿತ ವಿಚಾರವು ಯಾವುದೋ ಒಂದು ಮತದ ಸೊತ್ತಲ್ಲ. ನಮ್ಮ ಪುರಾಣಗಳು ಕಲಿಯ ಕೊನೆಯನ್ನೂ ಕಲ್ಕ್ಯವತಾರವನ್ನೂ ವರ್ಣಿಸುತ್ತವೆ. ಕನ್ನಡದ ಕಾಲಜ್ಞಾನಗಳು ಮುಂದೆ ಬರಲಿರುವ ವೀರವಸಂತರಾಯನ ಆಳ್ವಿಕೆಯನ್ನು ಸಾರುತ್ತವೆ. ಸದ್ಯದ ದುಃಖಕ್ಕೆ ಎಂದಾದರೂ ಒಂದು ಕೊನೆಯುಂಟೆಂಬ ಆಶೆಯು ಮನುಷ್ಯನಿಗೆ ಸಹಜವಾದುದು. ಕ್ರೈಸ್ತಮತದಲ್ಲಿ ಈ ಆಶೆಯು ಯೇಸುಕ್ರಿಸ್ತನ ಪುನರಾಗಮನವೆಂಬ ರೂಪವನ್ನು ತಾಳಿದೆ. ಕ್ರಿಸ್ತನು ಮತ್ತೆ ಬರುವನೆಂಬುದರಲ್ಲಿ ಆ ಮತದ ಮುಖ್ಯ ಪಂಗಡಗಳಿಗೆಲ್ಲ ಒಮ್ಮತವುಂಟು. ಆದರೆ ಆ ಬರೋಣಕ್ಕೆ ಸಂಬಂಧಪಟ್ಟ ಒಂದು ಘಟನೆಯ ಕಾಲವನ್ನು ಕುರಿತು ಕಳೆದ ಇನ್ನೂರು ವರ್ಷಗಳಲ್ಲಿ ಬಹಳ ತೀಕ್ಷ್ಣವಾದ ಭಿನ್ನಾಭಿಪ್ರಾಯಗಳು ತಲೆದೋರಿ, ಹಳೆಯ ಸ್ನೇಹಗಳು ಮುರಿದವು, ಸಭೆಗಳು ಒಡೆದವು. ಆ ಭೇದವು ಹೇಗೆ ಹುಟ್ಟಿ ಹೇಗೆ ಬೆಳೆಯಿತೆಂಬುದನ್ನು ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ. ಯಾವ ಪಕ್ಷವು ಸರಿಯೆಂದು ತೀರ್ಪು ಕೊಡುವುದು ನಮ್ಮ ಕೆಲಸವಲ್ಲ.

ವಿವಾದದ ಮೂಲವು ಒಂದು ಸಣ್ಣ ಪತ್ರದಲ್ಲಿದೆ. ಕ್ರಿ. ಶ. ೫೦ ರ ಸುಮಾರಿನಲ್ಲಿ ಅಪೊಸ್ತಲನಾದ ಪೌಲನು ಮಕೆದೋನ್ಯದ ರೇವುಪಟ್ಟಣವಾದ ಥೆಸಲೊನೀಕದ ಹೊಸ ಕ್ರೈಸ್ತರಿಗೆ ಅದನ್ನು ಬರೆದನು. ಅವರಲ್ಲಿ ಕೆಲವರು ತೀರಿಕೊಂಡಿದ್ದರು. ಕ್ರಿಸ್ತನು ಬೇಗನೆ ಬರುವನೆಂದು ಕಾದುಕೊಂಡಿದ್ದ ಉಳಿದವರಿಗೆ ಈ ಮರಣಗಳಿಂದ ಒಂದು ಸಂಶಯವುಂಟಾಯಿತು: ಆ ದಿನದ ಸಂತೋಷದಲ್ಲಿ ಸತ್ತವರಿಗೆ ಪಾಲುಂಟೆ, ಇಲ್ಲವೆ? ಕ್ರಿಸ್ತನು ಬರುವಾಗ ಸತ್ತ ಭಕ್ತರು ಮೊದಲು ಏಳುವರು, ಬದುಕಿರುವವರು ಅವರನ್ನು ಕೂಡಿಕೊಂಡು ಆಕಾಶಕ್ಕೆ ಒಯ್ಯಲ್ಪಟ್ಟು ಪ್ರಭುವನ್ನು ಎದುರ್ಗೊಳ್ಳುವರು, ಆದುದರಿಂದ ಈ ಮಾತನ್ನು ಹೇಳಿ ಒಬ್ಬರನ್ನೊಬ್ಬರು ಸಂತೈಸಬೇಕು ಎಂಬುದು ಪೌಲನ ಉತ್ತರದ ಸಾರಾಂಶ. ಬಂಧುಗಳನ್ನು ಕಳೆದುಕೊಂಡವರ ಸಮಾಧಾನಕ್ಕಾಗಿ ಬರೆದ ಮಾತು ಇದು ಎಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಇಲ್ಲಿ 'ಒಯ್ಯಲ್ಪಡುವುದು' ಎಂಬುದಕ್ಕೆ ಗ್ರೀಕ್ ಮೂಲದಲ್ಲಿರುವ ಪದಕ್ಕೆ ಥಟ್ಟನೆ ಸೆಳೆದುಕೊಳ್ಳುವುದು ಎಂದರ್ಥ. ಲ್ಯಾಟಿನ್ ಬೈಬಲು ಅದನ್ನು 'ರಾಪಿಯೆಮುರ್' ಎಂದು ಭಾಷಾಂತರಿಸಿತು. ಈ ಲ್ಯಾಟಿನ್ ಧಾತುವಿನಿಂದಲೇ ಇಂಗ್ಲಿಷಿನ 'ರ್‍ಯಾಪ್ಚರ್' ಎಂಬ ಮಾತು ಬಂದಿದೆ. ಕನ್ನಡ ಕ್ರೈಸ್ತರು ಇದನ್ನು ಸಭೆಯ 'ಎತ್ತಲ್ಪಡುವಿಕೆ' ಎನ್ನುತ್ತಾರೆ. ಸಭೆಯೆಂದರೆ ಇಲ್ಲಿ ಕ್ರಿಸ್ತನಲ್ಲಿ ನಂಬಿಕೆಯಿಟ್ಟವರ ಸಮುದಾಯ.

ಇದಿಷ್ಟೇ ಆಗಿದ್ದರೆ ವಿವಾದಕ್ಕೆ ಎಡೆಯಿರುತ್ತಿರಲಿಲ್ಲ. ಆದರೆ ಬೈಬಲಿನ ಬೇರೆ ಬೇರೆ ಗ್ರಂಥಗಳಲ್ಲಿ ಅಂತ್ಯಕಾಲದ ಬೇರೆ ಬೇರೆ ಚಿತ್ರಗಳಿವೆ. ಮತ್ತಾಯನ ಸುವಾರ್ತೆಯ ೨೪ ನೆಯ ಅಧ್ಯಾಯವು ಹಿಂದೆಂದೂ ಕಾಣದ ಒಂದು ಮಹಾಸಂಕಟವನ್ನು ಹೇಳುತ್ತದೆ. ದಾನಿಯೇಲನ ಗ್ರಂಥದ ೯ ನೆಯ ಅಧ್ಯಾಯದಲ್ಲಿ ಎಪ್ಪತ್ತು ವಾರಗಳ ಒಂದು ಕಾಲಮಾನವಿದೆ. ಒಂದು ವಾರಕ್ಕೆ ಏಳು ವರ್ಷಗಳೆಂದು ವ್ಯಾಖ್ಯಾನಕಾರರು ಲೆಕ್ಕ ಹಿಡಿಯುತ್ತಾರೆ. ಪ್ರಕಟನೆಯ ಗ್ರಂಥದ ೨೦ ನೆಯ ಅಧ್ಯಾಯದಲ್ಲಿ ಕ್ರಿಸ್ತನ ಸಾವಿರ ವರ್ಷಗಳ ಆಳ್ವಿಕೆಯ ಮಾತು ಬರುತ್ತದೆ. ಪೌಲನ ಪತ್ರದ ಆ ಭಾಗದಲ್ಲಿ ಮಹಾಸಂಕಟದ ಪ್ರಸ್ತಾಪವಿಲ್ಲ. ಸಾವಿರ ವರ್ಷಗಳ ಅಧ್ಯಾಯದಲ್ಲಿ ಆಕಾಶಕ್ಕೆ ಎತ್ತಲ್ಪಡುವ ಪ್ರಸ್ತಾಪವಿಲ್ಲ. ಈ ಬಿಡಿ ಮಣಿಗಳನ್ನು ಒಂದೇ ಸೂತ್ರದಲ್ಲಿ ಪೋಣಿಸಲು ಹೊರಟಾಗಲೇ ಯಾವುದು ಮೊದಲು, ಯಾವುದು ಅನಂತರ ಎಂಬ ಪ್ರಶ್ನೆ ಹುಟ್ಟುವುದು.

ಆದಿಯ ಕ್ರೈಸ್ತಾಚಾರ್ಯರಲ್ಲಿ ಪಾಪಿಯಾಸ್, ಜಸ್ಟಿನ್, ಐರಿನೇಯಸ್ ಮೊದಲಾದವರು ಕ್ರಿಸ್ತನು ಬಂದಮೇಲೆ ಭೂಮಿಯಲ್ಲಿ ಸಾವಿರ ವರ್ಷ ಆಳುವನೆಂದು ಅಕ್ಷರಶಃ ನಂಬಿದ್ದರು. ಅದಕ್ಕೆ ಮುಂಚೆ ಕ್ರಿಸ್ತವಿರೋಧಿಯೊಬ್ಬನು ಕಾಣಿಸಿಕೊಂಡು ಸಭೆಯನ್ನು ಹಿಂಸಿಸುವನೆಂದು ಐರಿನೇಯಸನು ಕ್ರಿ. ಶ. ೧೮೦ ರ ಸುಮಾರಿನಲ್ಲಿ ಬರೆದನು. ರೋಮನ್ ಅಧಿಕಾರಿಗಳ ಕೈಯಲ್ಲಿ ದಿನವೂ ಕಷ್ಟಪಡುತ್ತಿದ್ದ ಆ ಜನರಿಗೆ ಸಂಕಟವೆಂಬುದು ಮುಂದೆಂದೋ ಬರುವ ವಸ್ತುವಾಗಿರಲಿಲ್ಲವೆಂಬುದನ್ನು ಹೇಳಬೇಕಾದುದಿಲ್ಲ. ಸಾವಿರ ವರ್ಷಗಳ ಆಳ್ವಿಕೆಯನ್ನು ತಾನು ನಂಬಿದರೂ ಶುದ್ಧಭಕ್ತಿಯುಳ್ಳ ಕ್ರೈಸ್ತರಲ್ಲಿ ಅನೇಕರು ಹಾಗೆ ನಂಬುವುದಿಲ್ಲವೆಂದು ಜಸ್ಟಿನನು ಒಪ್ಪಿಕೊಂಡಿರುವುದು ಗಮನಾರ್ಹವಾಗಿದೆ. ಆ ಕಾಲದಲ್ಲಿ ಭೇದವಿತ್ತು. ಭೇದವುಳ್ಳವನು ಹೊರಗಿನವನೆಂಬ ಭಾವನೆ ಅವನಲ್ಲಿರಲಿಲ್ಲ.

ಐದನೆಯ ಶತಮಾನದಲ್ಲಿ ಅಗಸ್ಟೀನನು (೩೫೪–೪೩೦) ಈ ವಿಚಾರದ ದಿಕ್ಕನ್ನೇ ತಿರುಗಿಸಿದನು. ಮೊದಲು ತಾನೂ ಸಾವಿರ ವರ್ಷಗಳ ಆಳ್ವಿಕೆಯನ್ನು ನಂಬಿದ್ದುದಾಗಿ ಹೇಳಿಕೊಂಡ ಅವನು, 'ದೇವನಗರಿ' ಎಂಬ ತನ್ನ ಮಹಾಗ್ರಂಥದ ಇಪ್ಪತ್ತನೆಯ ಭಾಗದಲ್ಲಿ, ಆ ಸಾವಿರ ವರ್ಷಗಳೆಂದರೆ ಸಭೆಯು ಲೋಕದಲ್ಲಿ ಬಾಳುತ್ತಿರುವ ಈ ಕಾಲವೇ ಎಂದು ವ್ಯಾಖ್ಯಾನಿಸಿದನು. ಈ ಅರ್ಥದಂತೆ ಕೊನೆಯ ದಿನವು ಒಂದೇ: ಕ್ರಿಸ್ತನ ಬರೋಣ, ಸತ್ತವರ ಪುನರುತ್ಥಾನ, ನ್ಯಾಯತೀರ್ಪು ಎಲ್ಲವೂ ಒಟ್ಟಿಗೆ ನಡೆಯುವುವು. ಪಶ್ಚಿಮದ ಸಭೆಯಲ್ಲಿ ಈ ಅಭಿಪ್ರಾಯವೇ ಒಂದು ಸಾವಿರ ವರ್ಷಕ್ಕೂ ಮೇಲ್ಪಟ್ಟು ನೆಲೆನಿಂತಿತು. ಲೂಥರನ ಅನುಯಾಯಿಗಳು ೧೫೩೦ ರಲ್ಲಿ ಅಂಗೀಕರಿಸಿದ ಆಗ್ಸ್‌ಬರ್ಗಿನ ವಿಶ್ವಾಸಪ್ರಮಾಣವು ಕೂಡ, ಪುನರುತ್ಥಾನಕ್ಕೆ ಮುಂಚೆ ಭಕ್ತರು ಲೋಕದ ರಾಜ್ಯವನ್ನು ಪಡೆಯುವರೆಂಬ ಮತವನ್ನು ತಿರಸ್ಕರಿಸಿತು. ರೋಮನ್ ಕಥೋಲಿಕರು, ಪೂರ್ವದೇಶದ ಆರ್ಥೊಡಾಕ್ಸರು, ಲೂಥರನ್ನರು ಮೊದಲಾದ ಹಳೆಯ ಪಂಗಡಗಳು ಇಂದಿಗೂ ಎತ್ತಲ್ಪಡುವಿಕೆಯನ್ನು ಬೇರೆಯೊಂದು ಘಟನೆಯೆಂದು ಎಣಿಸುವುದಿಲ್ಲ.

ಆದರೆ ಮತಸುಧಾರಣೆಯ ಅನಂತರ ಪ್ರಾಟೆಸ್ಟಂಟ್ ವಿದ್ವಾಂಸರಲ್ಲಿ ಪ್ರಕಟನೆಯ ಗ್ರಂಥವನ್ನು ಯೂರೋಪಿನ ಚರಿತ್ರೆಯೊಡನೆ ಹೊಂದಿಸಿ ಓದುವ ಪದ್ಧತಿಯು ಪ್ರಬಲವಾಯಿತು. ಗ್ರಂಥದ ಒಂದು ದಿನಕ್ಕೆ ಚರಿತ್ರೆಯ ಒಂದು ವರ್ಷವೆಂಬ ಗಣನೆಯಿಂದ ೧೨೬೦ ದಿನಗಳು ೧೨೬೦ ವರ್ಷಗಳಾದುವು; ಪೋಪನ ಅಧಿಕಾರದ ಕಾಲವೇ ಇದೆಂದು ಅವರು ಎಣಿಸಿದರು. ಇದಕ್ಕೆ ಪ್ರತಿಯಾಗಿ ಸ್ಪೇನ್ ದೇಶದ ಜೆಸ್ವಿಟ್ ಪಂಡಿತನಾದ ಫ್ರಾನ್ಸಿಸ್ಕೊ ರಿಬೇರನು (೧೫೩೭–೧೫೯೧) ಆ ಗ್ರಂಥದ ಬಹುಭಾಗವು ಇನ್ನೂ ನಡೆಯಬೇಕಾದುದೆಂದು ವಾದಿಸಿದನು. ಮುಂದೆ ೧೭೮೯ ರಲ್ಲಿ ಫ್ರಾನ್ಸಿನ ಮಹಾಕ್ರಾಂತಿಯಾಗಿ, ೧೭೯೮ ರಲ್ಲಿ ಫ್ರೆಂಚ್ ಸೈನ್ಯವು ಪೋಪನಾದ ಆರನೆಯ ಪಯಸನನ್ನು ಸೆರೆಹಿಡಿದಾಗ, ೧೨೬೦ ವರ್ಷಗಳು ಮುಗಿದವೆಂದು ಇಂಗ್ಲೆಂಡಿನಲ್ಲಿ ಅನೇಕರು ನಂಬಿದರು. ಆ ಉದ್ವೇಗದ ವಾತಾವರಣದಲ್ಲಿಯೇ ನಮ್ಮ ಕಥೆಯ ಮುಖ್ಯಭಾಗವು ನಡೆಯುವುದು.

ಚಿಲಿ ದೇಶದಿಂದ ಗಡೀಪಾರಾಗಿ ಇಟಲಿಯಲ್ಲಿ ತೀರಿಕೊಂಡ ಮಾನ್ವೆಲ್ ಲಾಕುನ್ಜನೆಂಬ ಜೆಸ್ವಿಟನು (೧೭೩೧–೧೮೦೧) ಒಬ್ಬ ಯೆಹೂದ್ಯನ ಹೆಸರಿನಿಂದ ಕ್ರಿಸ್ತನ ಬರೋಣವನ್ನು ಕುರಿತು ದೊಡ್ಡದೊಂದು ಗ್ರಂಥವನ್ನು ಬರೆದಿಟ್ಟಿದ್ದನು. ಲಂಡನ್ನಿನ ಪ್ರಸಿದ್ಧ ಸ್ಕಾಟಿಷ್ ಬೋಧಕನಾದ ಎಡ್ವರ್ಡ್ ಅರ್ವಿಂಗನು ೧೮೨೭ ರಲ್ಲಿ ಅದನ್ನು ಇಂಗ್ಲಿಷಿಗೆ ತಂದನು. ೧೮೨೬ ರಿಂದ ಹೆನ್ರಿ ಡ್ರಮಂಡನೆಂಬ ಶ್ರೀಮಂತನ ಆಲ್ಬರಿಯ ಮನೆಯಲ್ಲಿ ಭವಿಷ್ಯದ್ವಚನಗಳ ಅಭ್ಯಾಸಕ್ಕಾಗಿ ಗೋಷ್ಠಿಗಳು ಸೇರಿದವು. ಅದೇ ರೀತಿಯ ಗೋಷ್ಠಿಗಳನ್ನು ಐರ್ಲೆಂಡಿನ ವಿಕ್ಲೋ ಪ್ರಾಂತದಲ್ಲಿ ಪವರ್ಸ್‌ಕೋರ್ಟಿನ ಒಡತಿಯು ೧೮೩೧ ರಿಂದ ತನ್ನ ಅರಮನೆಯಲ್ಲಿ ನಡೆಯಿಸಿದಳು. ಅಲ್ಲಿ ಮುಂದಾಳಾಗಿ ಕಾಣಿಸಿಕೊಂಡವನೇ ಜಾನ್ ನೆಲ್ಸನ್ ಡಾರ್ಬಿ (೧೮೦೦–೧೮೮೨).

ಡಾರ್ಬಿಯು ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ವಿದ್ಯಾಭ್ಯಾಸ ಮಾಡಿ, ನ್ಯಾಯವಾದಿಯ ವೃತ್ತಿಯನ್ನು ಬಿಟ್ಟು, ಐರ್ಲೆಂಡಿನ ರಾಜಾಶ್ರಿತ ಸಭೆಯಲ್ಲಿ ಪಾದ್ರಿಯಾದವನು. ಬೆಟ್ಟದ ಸೀಮೆಯ ಬಡವರ ನಡುವೆ ಕೆಲಸಮಾಡುತ್ತಿದ್ದಾಗ ೧೮೨೭ ರಲ್ಲಿ ಕುದುರೆಯ ಅಪಘಾತದಲ್ಲಿ ಗಾಯಗೊಂಡು ಬಹುದಿನ ಹಾಸಿಗೆ ಹಿಡಿಯಬೇಕಾಯಿತು. ಆ ದಿನಗಳ ಏಕಾಂತದ ಓದಿನಲ್ಲಿಯೇ ತನಗೆ ಹೊಸ ಬೆಳಕು ದೊರೆಯಿತೆಂದು ಮುಂದೆ ಅವನು ಹೇಳಿಕೊಂಡನು. ಅವನ ಸಿದ್ಧಾಂತದ ತಿರುಳು ಇದು: ಇಸ್ರಾಯೇಲ್ ಜನಾಂಗವೂ ಸಭೆಯೂ ದೇವರ ಸಂಕಲ್ಪದಲ್ಲಿ ಬೇರೆಬೇರೆ. ದಾನಿಯೇಲನ ಎಪ್ಪತ್ತು ವಾರಗಳು ಇಸ್ರಾಯೇಲಿಗೆ ಸೇರಿದವು. ಅವುಗಳಲ್ಲಿ ಅರುವತ್ತೊಂಬತ್ತು ಕ್ರಿಸ್ತನ ಕಾಲಕ್ಕೆ ಮುಗಿದವು. ಎಪ್ಪತ್ತನೆಯದು ಇನ್ನೂ ಬರಬೇಕಾಗಿದೆ. ನಡುವಿನ ಬಿಡುವೇ ಸಭೆಯ ಕಾಲ. ಆ ಕೊನೆಯ ವಾರದ ಏಳು ವರ್ಷಗಳ ಸಂಕಟವು ಇಸ್ರಾಯೇಲಿಗೂ ಲೋಕಕ್ಕೂ ಗೊತ್ತುಮಾಡಿದ್ದು. ಅದು ಆರಂಭವಾಗುವ ಮೊದಲೇ ಸಭೆಯು ಎತ್ತಲ್ಪಡುವುದು. ಆ ಘಟನೆಗೆ ಮುಂಚೆ ನಡೆಯಬೇಕಾದುದು ಏನೂ ಉಳಿದಿಲ್ಲ. ಅದು ಯಾವ ಕ್ಷಣದಲ್ಲಾದರೂ ಆಗಬಹುದು. ಇದೇ 'ಸಂಕಟಪೂರ್ವ' ಪಕ್ಷ.

ಇದು ಡಾರ್ಬಿಯ ಸ್ವಂತ ಕಲ್ಪನೆಯೋ, ಬೇರೆಡೆಯಿಂದ ಬಂದುದೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಅಮೆರಿಕೆಯ ಮಾರ್ಗನ್ ಎಡ್ವರ್ಡ್ಸನೆಂಬ ಬ್ಯಾಪ್ಟಿಸ್ಟ್ ಬೋಧಕನು ೧೭೮೮ ರಷ್ಟು ಹಿಂದೆಯೇ ಸಾವಿರ ವರ್ಷಗಳ ಆಳ್ವಿಕೆಗೆ ಮೂರೂವರೆ ವರ್ಷ ಮೊದಲು ಭಕ್ತರು ಎತ್ತಲ್ಪಡುವರೆಂದು ಅಚ್ಚುಹಾಕಿಸಿದ್ದನು. ಸ್ಕಾಟ್ಲೆಂಡಿನ ಪೋರ್ಟ್ ಗ್ಲಾಸ್ಗೋ ಊರಿನ ಮಾರ್ಗರೆಟ್ ಮ್ಯಾಕ್‌ಡೊನಾಲ್ಡಳೆಂಬ ತರುಣಿಗೆ ೧೮೩೦ ರಲ್ಲಾದ ದರ್ಶನವೇ ಮೂಲವೆಂದು ಇಪ್ಪತ್ತನೆಯ ಶತಮಾನದಲ್ಲಿ ಕೆಲವರು ವಾದಿಸಿದರು. ಆದರೆ ಆಕೆಯ ಮಾತುಗಳಲ್ಲಿ ಸಭೆಯು ಪರೀಕ್ಷೆಯನ್ನು ಹಾದುಹೋಗಬೇಕೆಂಬ ಭಾವವೂ ಇರುವುದರಿಂದ ಆ ವಾದವನ್ನು ಒಪ್ಪದ ವಿದ್ವಾಂಸರು ಅನೇಕರಿದ್ದಾರೆ. ಮೂಲವು ಏನೇ ಇರಲಿ, ಬಿಡಿಯಾಗಿದ್ದ ವಿಚಾರಗಳನ್ನು ಒಂದು ಶಾಸ್ತ್ರವಾಗಿ ಕಟ್ಟಿ ದೇಶದೇಶಗಳಲ್ಲಿ ಹಬ್ಬಿಸಿದವನು ಡಾರ್ಬಿಯೇ ಎಂಬುದು ನಿರ್ವಿವಾದವಾಗಿದೆ.

ಡಾರ್ಬಿಯ ಸ್ನೇಹಿತರು ಪಾದ್ರಿಗಳೆಂಬ ವರ್ಗವಿಲ್ಲದೆ, ಎಲ್ಲರೂ ಸಹೋದರರೆಂಬ ಭಾವದಿಂದ ಕೂಡಿ ರೊಟ್ಟಿ ಮುರಿಯುತ್ತಿದ್ದರು. ಪ್ಲಿಮತ್ ಪಟ್ಟಣದಲ್ಲಿ ಅವರ ಸಭೆಯು ದೊಡ್ಡದಾದುದರಿಂದ 'ಪ್ಲಿಮತ್ ಸಹೋದರರು' ಎಂಬ ಹೆಸರು ಬಂದಿತು. ಆ ಸಭೆಯ ಹಿರಿಯನು ಬೆಂಜಮಿನ್ ವಿಲ್ಸ್ ನ್ಯೂಟನ್ (೧೮೦೭–೧೮೯೯). ಅವನು ಆಕ್ಸ್‌ಫರ್ಡಿನ ಎಕ್ಸೆಟರ್ ಕಾಲೇಜಿನ ವಿದ್ವಾಂಸ, ಡಾರ್ಬಿಯ ಆಪ್ತನಾಗಿದ್ದವನು. ಕ್ರಿಸ್ತನು ಬಂದು ಸಾವಿರ ವರ್ಷ ಆಳುವನೆಂಬುದರಲ್ಲಿ ಇಬ್ಬರಿಗೂ ಒಮ್ಮತವಿತ್ತು. ಆದರೆ ಸಭೆಯು ಸಂಕಟವನ್ನು ಹಾದೇ ಹೋಗಬೇಕು, ಕ್ರಿಸ್ತನ ಬರೋಣವು ಒಂದೇ, ಅದು ಸಂಕಟದ ಕೊನೆಯಲ್ಲಿ ಎಂಬುದು ನ್ಯೂಟನ್ನನ ನಿಲುವು. ಮತ್ತಾಯನ ೨೪ ನೆಯ ಅಧ್ಯಾಯವನ್ನು ಯೆಹೂದ್ಯರಿಗೆ ಬಿಟ್ಟುಕೊಟ್ಟರೆ ಸುವಾರ್ತೆಯ ಎಷ್ಟೋ ಭಾಗಗಳು ಕ್ರೈಸ್ತರ ಕೈತಪ್ಪಿಹೋಗುವುವೆಂದು ಅವನು ಆಕ್ಷೇಪಿಸಿದನು. ಗ್ರೀಕ್ ಹೊಸ ಒಡಂಬಡಿಕೆಯ ಪಾಠಶೋಧನೆಯಲ್ಲಿ ಪ್ರಸಿದ್ಧನಾದ ಸ್ಯಾಮ್ಯುವೆಲ್ ಟ್ರೆಗೆಲ್ಸನೂ (೧೮೧೩–೧೮೭೫) ಈ ಪಕ್ಷವನ್ನೇ ಸಮರ್ಥಿಸಿದನು. ಇದು 'ಸಂಕಟಾನಂತರ' ಪಕ್ಷ.

ಎರಡು ಪಕ್ಷಗಳ ಆಧಾರಗಳನ್ನೂ ಇಲ್ಲಿಯೇ ನೋಡಬಹುದು. ಪೂರ್ವಪಕ್ಷದವರು ಭಕ್ತರು ದೇವರ ಕೋಪಕ್ಕೆ ನೇಮಿಸಲ್ಪಟ್ಟವರಲ್ಲವೆಂಬ ಪೌಲನ ಮಾತನ್ನೂ, ಶೋಧನೆಯ ಗಳಿಗೆಯಿಂದ ಕಾಪಾಡುವೆನೆಂದು ಪ್ರಕಟನೆಯ ೩ ನೆಯ ಅಧ್ಯಾಯದಲ್ಲಿ ಬರುವ ವಾಗ್ದಾನವನ್ನೂ ಮುಂದಿಡುತ್ತಾರೆ. ಆ ಗ್ರಂಥದಲ್ಲಿ ಸಂಕಟವನ್ನು ವರ್ಣಿಸುವ ಅಧ್ಯಾಯಗಳಲ್ಲಿ 'ಸಭೆ' ಎಂಬ ಶಬ್ದವೇ ಬರುವುದಿಲ್ಲವೆಂಬುದು ಅವರ ಇನ್ನೊಂದು ವಾದ. ಅನಂತರಪಕ್ಷದವರು, ಆರಿಸಿಕೊಂಡವರನ್ನು ದೂತರು ಕೂಡಿಸುವುದು ಸಂಕಟವಾದ ಮೇಲೆ ಎಂದು ಮತ್ತಾಯನ ಸುವಾರ್ತೆಯಲ್ಲಿ ಸ್ಪಷ್ಟವಾಗಿರುವುದನ್ನು ತೋರಿಸುತ್ತಾರೆ; ಅಧರ್ಮಪುರುಷನು ಮೊದಲು ಕಾಣಿಸಿಕೊಳ್ಳಬೇಕೆಂದು ಥೆಸಲೊನೀಕದವರಿಗೆ ಬರೆದ ಎರಡನೆಯ ಪತ್ರದಲ್ಲಿರುವುದನ್ನೂ ಎತ್ತಿಹೇಳುತ್ತಾರೆ. ಅವರ ಮತ್ತೊಂದು ಆಧಾರವು ಕನ್ನಡಿಗರಿಗೆ ಸುಲಭವಾಗಿ ತಿಳಿಯತಕ್ಕುದು. ಪೌಲನು 'ಎದುರ್ಗೊಳ್ಳುವುದು' ಎಂಬುದಕ್ಕೆ ಬಳಸಿದ ಗ್ರೀಕ್ ಶಬ್ದವನ್ನು, ಊರಿಗೆ ಬರುವ ಗಣ್ಯನನ್ನು ಪುರಜನರು ಊರಾಚೆಗೆ ಹೋಗಿ ಕಂಡು ಮರ್ಯಾದೆಯಿಂದ ಒಳಕ್ಕೆ ಕರೆತರುವುದಕ್ಕೆ ಉಪಯೋಗಿಸುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಗುರುಗಳು ಬಿಜಯಮಾಡಿಸುವಾಗ ಊರ ಗಡಿಗೆ ಪೂರ್ಣಕುಂಭವನ್ನು ಹಿಡಿದು ಹೋಗುವವರು ಅಲ್ಲಿಂದ ಗುರುಗಳ ಜತೆಯಲ್ಲಿ ಊರಿಗೇ ಮರಳುತ್ತಾರೆ. ಅದರಂತೆ ಭಕ್ತರು ಕ್ರಿಸ್ತನನ್ನು ಎದುರ್ಗೊಂಡು ಕೂಡಲೆ ಭೂಮಿಗೆ ಹಿಂದಿರುಗುವರೆಂಬುದು ಅವರ ಅರ್ಥ. ಆ ಶಬ್ದಕ್ಕೆ ಹಿಂದಿರುಗುವ ಅರ್ಥವು ಎಲ್ಲೆಡೆಯಲ್ಲಿಯೂ ಇರಬೇಕಾದುದಿಲ್ಲವೆಂದು ಪೂರ್ವಪಕ್ಷದವರು ಉತ್ತರಕೊಡುತ್ತಾರೆ.

ಸಹೋದರರಲ್ಲಿ ಮನಸ್ತಾಪವು ಬೆಳೆಯುವುದನ್ನು ಮುಂಚಿತವಾಗಿ ಕಂಡವನೊಬ್ಬನಿದ್ದನು. ಅವನು ಆಂಥೊನಿ ನಾರಿಸ್ ಗ್ರೋವ್ಸ್ (೧೭೯೫–೧೮೫೩). ಎಕ್ಸೆಟರಿನಲ್ಲಿ ದಂತವೈದ್ಯನಾಗಿ ಚೆನ್ನಾಗಿ ಸಂಪಾದಿಸುತ್ತಿದ್ದ ಅವನು ಎಲ್ಲವನ್ನೂ ಬಿಟ್ಟು ೧೮೨೯ ರಲ್ಲಿ ಸಂಸಾರಸಮೇತನಾಗಿ ಬಾಗ್ದಾದಿಗೆ ಹೊರಟನು. ೧೮೩೧ ರಲ್ಲಿ ಆ ನಗರಕ್ಕೆ ಪ್ಲೇಗು, ಪ್ರವಾಹ ಎರಡೂ ಒಟ್ಟಿಗೆ ಬಂದೆರಗಿದವು. ಅವನ ಹೆಂಡತಿಯೂ ಎಳೆಯ ಮಗುವೂ ತೀರಿಕೊಂಡರು. ಸಂಕಟವೆಂದರೇನೆಂಬುದನ್ನು ಗ್ರಂಥದಲ್ಲಿ ಓದಿದುದಲ್ಲದೆ ಕಣ್ಣಾರೆ ಕಂಡವನು ಅವನು. ೧೮೩೬ ರ ಮಾರ್ಚಿಯಲ್ಲಿ ಇಂಡಿಯಾದೇಶಕ್ಕೆ ಹೊರಡುವ ಮುನ್ನ ಮಿಲ್‌ಫರ್ಡ್ ಹೇವನ್ ರೇವಿನಿಂದ ಅವನು ಡಾರ್ಬಿಗೆ ಒಂದು ಪತ್ರವನ್ನು ಬರೆದನು. ನಮ್ಮ ಐಕ್ಯಕ್ಕೆ ಕ್ರಿಸ್ತನಲ್ಲಿರುವ ಜೀವವು ಆಧಾರವಾಗಿತ್ತು, ಈಗ ಅಭಿಪ್ರಾಯಗಳ ಸಾಮ್ಯವು ಆಧಾರವಾಗುತ್ತಿದೆ. ಇನ್ನೊಬ್ಬರ ತಪ್ಪನ್ನು ಹಿಡಿದು ಅಗಲುವುದಕ್ಕಿಂತ ಅವರಲ್ಲಿರುವ ಒಳ್ಳೆಯದನ್ನು ಹಿಡಿದು ಕೂಡಿರುವುದು ಮೇಲು ಎಂಬುದು ಅದರ ಭಾವ.

ಆ ಹಡಗಿನಲ್ಲಿ ಗ್ರೋವ್ಸನ ಸಂಗಡ ಬಂದ ತರುಣ ವಿದ್ವಾಂಸರೇ ಹೆರ್ಮನ್ ಗುಂಡರ್ಟರು. ಅವರು ಮದ್ರಾಸಿನಲ್ಲಿಯೂ ಚಿತ್ತೂರಿನಲ್ಲಿಯೂ ಕೆಲಸಮಾಡಿ, ಗ್ರೋವ್ಸನ ತಂಡದಲ್ಲಿದ್ದ ಜೂಲಿ ದುಬ್ವಾ ಎಂಬವರನ್ನು ಮದುವೆಯಾಗಿ, ೧೮೩೮ ರಲ್ಲಿ ಮಂಗಳೂರಿಗೆ ಬಂದು ಬಾಸೆಲ್ ಮಿಶನ್ನನ್ನು ಸೇರಿದರು. ಆಮೇಲೆ ತಲಚೇರಿಗೆ ಹೋಗಿ ಮಲೆಯಾಳ ಭಾಷೆಯ ಮಹಾಪಂಡಿತರೆನಿಸಿದರು. ಗ್ರೋವ್ಸನ ಮಕ್ಕಳು ಶ್ರೀರಂಗಪಟ್ಟಣದ ಹತ್ತಿರದ ಪಾಲಹಳ್ಳಿಯಲ್ಲಿ ೧೮೪೭ ರಲ್ಲಿ ಆರಂಭವಾದ ಅಷ್ಟಗ್ರಾಮ ಸಕ್ಕರೆಯ ಕಾರ್ಖಾನೆಯನ್ನು ನಡೆಯಿಸಿದರು. ಹೀಗೆ ದೂರದ ಪ್ಲಿಮತ್ತಿನ ಈ ಕಥೆಗೆ ನಮ್ಮ ನಾಡಿನ ಒಂದೆರಡು ಎಳೆಗಳೂ ಸೇರಿವೆ. ಇನ್ನೊಂದನ್ನೂ ಇಲ್ಲಿ ಹೇಳಬಹುದು. ಜರ್ಮನಿಯ ವುರ್ಟೆಂಬರ್ಗಿನ ಭಕ್ತಪಂಡಿತನಾದ ಬೆಂಗೆಲ್ಲನು (೧೬೮೭–೧೭೫೨) ಸಾವಿರ ವರ್ಷಗಳ ಕಾಲವು ೧೮೩೬ ರಲ್ಲಿ ಆರಂಭವಾಗುವುದೆಂದು ಲೆಕ್ಕಹಾಕಿದ್ದನು. ಆ ವರ್ಷವು ಬಂದು ಹೋಯಿತು. ಲೋಕವು ಮುಂಚಿನಂತೆಯೇ ಇತ್ತು. ಅದೇ ವರ್ಷ ಅದೇ ವುರ್ಟೆಂಬರ್ಗಿನ ಹೆರ್ಮನ್ ಮೋಗ್ಲಿಂಗರು ಮಂಗಳೂರಿಗೆ ಬಂದಿಳಿದರು. ೧೮೪೩ ರಲ್ಲಿ 'ಮಂಗಳೂರ ಸಮಾಚಾರ'ವೆಂಬ ಕನ್ನಡ ಪತ್ರಿಕೆಯನ್ನು ಹೊರಡಿಸಿದರು. ಬೆಂಗೆಲ್ಲನ ಲೆಕ್ಕವು ತಪ್ಪಿತು. ಆ ನಾಡಿನಿಂದ ಬಂದವರು ಕನ್ನಡಕ್ಕೆ ಮಾಡಿದ ಕೆಲಸವು ಉಳಿಯಿತು.

ಪ್ರಕೃತಕ್ಕೆ ಬರೋಣ. ಗ್ರೋವ್ಸನ ಎಚ್ಚರಿಕೆಯ ಮಾತು ಫಲಿಸಲಿಲ್ಲ. ೧೮೪೫ ರಲ್ಲಿ ಡಾರ್ಬಿಯು ಪ್ಲಿಮತ್ತಿಗೆ ಬಂದು ನ್ಯೂಟನ್ನನನ್ನು ಬಹಿರಂಗವಾಗಿ ಎದುರಿಸಿ, ಆ ವರ್ಷದ ಕೊನೆಯಲ್ಲಿ ಅದೇ ಊರಿನಲ್ಲಿ ಬೇರೆಯಾಗಿ ಸಭೆ ಸೇರಿಸಿದನು. ಕಾಲನಿರ್ಣಯವೊಂದೇ ಇದಕ್ಕೆ ಕಾರಣವೆನ್ನುವುದು ನ್ಯಾಯವಾಗದು. ಸಭೆಯ ಆಡಳಿತದ ಪ್ರಶ್ನೆಯೂ ಇತ್ತು; ಮುಂದೆ ಕ್ರಿಸ್ತನ ಮನುಷ್ಯತ್ವವನ್ನು ಕುರಿತು ನ್ಯೂಟನ್ನನು ಬರೆದುದರಲ್ಲಿ ದೋಷವೂ ಕಂಡುಬಂದಿತು. ಅವನು ೧೮೪೭ ರಲ್ಲಿ ಆ ಮಾತುಗಳನ್ನು ಹಿಂದಕ್ಕೆ ತೆಗೆದುಕೊಂಡರೂ ಪ್ರಯೋಜನವಾಗದೆ, ಪ್ಲಿಮತ್ತನ್ನು ಬಿಟ್ಟು ಹೋದನು. ಬ್ರಿಸ್ಟಲಿನಲ್ಲಿ ಅನಾಥಾಲಯಗಳನ್ನು ನಡೆಯಿಸಿ ಪ್ರಖ್ಯಾತನಾದ ಜಾರ್ಜ್ ಮುಲ್ಲರನು ಗ್ರೋವ್ಸನ ತಂಗಿಯ ಗಂಡ. ಅವನ ಸಭೆಯು ನ್ಯೂಟನ್ನನ ಬಳಿಯಿಂದ ಬಂದ ಕೆಲವರನ್ನು ವಿಚಾರಿಸಿ ಸೇರಿಸಿಕೊಂಡಿತೆಂಬ ಕಾರಣದಿಂದ ಡಾರ್ಬಿಯು ೧೮೪೮ ರಲ್ಲಿ ಆ ಸಭೆಯ ಸಂಬಂಧವನ್ನೂ ಕಡಿದುಕೊಂಡನು. ಅಂದಿನಿಂದ ಸಹೋದರರು 'ತೆರೆದ' ಸಹೋದರರೆಂದೂ 'ಪ್ರತ್ಯೇಕ' ಸಹೋದರರೆಂದೂ ಎರಡಾದರು.

ಇದೇ ಕಾಲದಲ್ಲಿ ಅಮೆರಿಕೆಯಲ್ಲಿ ಬೇರೊಂದು ಪ್ರಸಂಗವು ನಡೆಯಿತು. ನ್ಯೂಯಾರ್ಕ್ ಪ್ರಾಂತದ ವಿಲಿಯಂ ಮಿಲ್ಲರನೆಂಬ ರೈತನು (೧೭೮೨–೧೮೪೯) ದಾನಿಯೇಲನ ೨೩೦೦ ದಿನಗಳನ್ನು ೨೩೦೦ ವರ್ಷಗಳೆಂದು ಹಿಡಿದು, ಕ್ರಿ. ಪೂ. ೪೫೭ ರಿಂದ ಎಣಿಸಿ, ಕ್ರಿಸ್ತನು ೧೮೪೩ ರ ಸುಮಾರಿನಲ್ಲಿ ಬರುವನೆಂದು ಸಾರಿದನು. ಕೊನೆಗೆ ಅವನ ಅನುಯಾಯಿಗಳು ೧೮೪೪ ರ ಅಕ್ಟೋಬರ್ ೨೨ ನೆಯ ದಿನವನ್ನು ನಿಶ್ಚಯಿಸಿದರು. ಕೆಲವರು ಪೈರನ್ನು ಕೊಯ್ಯದೆ ಬಿಟ್ಟರು. ಕೆಲವರು ಅಂಗಡಿಗಳನ್ನು ಮುಚ್ಚಿದರು. ಆ ರಾತ್ರಿ ಕಳೆದು ಬೆಳಗಾದಾಗ ಅವರು ಪಟ್ಟ ದುಃಖವು ಚರಿತ್ರೆಯಲ್ಲಿ 'ಮಹಾ ಆಶಾಭಂಗ'ವೆಂಬ ಹೆಸರನ್ನು ಪಡೆದಿದೆ. ವರ್ಷವನ್ನು ಎಣಿಸುವ ಪದ್ಧತಿಯು ಇದರಿಂದ ಬಹಳ ಮಟ್ಟಿಗೆ ಗೌರವವನ್ನು ಕಳೆದುಕೊಂಡಿತು. ಯಾವ ದಿನವನ್ನೂ ಗೊತ್ತುಮಾಡದೆ, ಎಂದಿಗಾದರೂ ಆಗಬಹುದೆನ್ನುವ ಡಾರ್ಬಿಯ ಸಿದ್ಧಾಂತಕ್ಕೆ ಅಮೆರಿಕೆಯಲ್ಲಿ ನೆಲೆ ದೊರೆತುದಕ್ಕೆ ಇದೂ ಒಂದು ಕಾರಣವಾಗಿರಬೇಕು.

೧೮೬೨ ರಿಂದ ೧೮೭೭ ರವರೆಗೆ ಡಾರ್ಬಿಯು ಹಲವು ಬಾರಿ ಉತ್ತರ ಅಮೆರಿಕೆಯಲ್ಲಿ ಸಂಚರಿಸಿದನು. ಅವನ ಪಂಗಡವನ್ನು ಸೇರದವರೂ ಅವನ ಸಿದ್ಧಾಂತವನ್ನು ಸ್ವೀಕರಿಸಿದರು. ೧೮೭೮ ರಲ್ಲಿ ವಿಲಿಯಂ ಬ್ಲಾಕ್‌ಸ್ಟೋನನೆಂಬ ವ್ಯಾಪಾರಿಯು ಬರೆದ, ಯೇಸುವಿನ ಬರೋಣವನ್ನು ಕುರಿತ ಪುಸ್ತಕವು ಹಲವು ಭಾಷೆಗಳಿಗೆ ಪರಿವರ್ತಿತವಾಯಿತು. ನಯಾಗರದ ವಾರ್ಷಿಕ ಬೈಬಲ್ ಗೋಷ್ಠಿಗಳಲ್ಲಿ ನಾನಾ ಸಭೆಗಳ ಮುಖಂಡರು ಸೇರುತ್ತಿದ್ದರು. ಅಲ್ಲಿಯೂ ಹಳೆಯ ಕಥೆಯೇ ಮರಳಿತು: ನಥಾನಿಯೆಲ್ ವೆಸ್ಟ್, ರಾಬರ್ಟ್ ಕ್ಯಾ಼ಮೆರನ್ ಮೊದಲಾದವರು ಸಂಕಟಪೂರ್ವ ಪಕ್ಷವನ್ನು ಬಿಟ್ಟುಕೊಟ್ಟುದರಿಂದ ವೈಮನಸ್ಯವು ಬೆಳೆದು, ಶತಮಾನದ ತಿರುವಿನಲ್ಲಿ ಆ ಗೋಷ್ಠಿಯೇ ನಿಂತುಹೋಯಿತು. ೧೯೦೯ ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯವು ಪ್ರಕಟಿಸಿದ ಸ್ಕೋಫೀಲ್ಡನ ಟಿಪ್ಪಣಿಗಳ ಬೈಬಲು ಸಂಕಟಪೂರ್ವ ಪಕ್ಷಕ್ಕೆ ಮನೆಮನೆಯಲ್ಲಿ ಸ್ಥಾನವನ್ನು ಕೊಟ್ಟಿತು. ಮೂಲವೂ ಟಿಪ್ಪಣಿಯೂ ಒಂದೇ ಪುಟದಲ್ಲಿ ಅಚ್ಚಾಗಿದ್ದುದರಿಂದ ಸಾಮಾನ್ಯ ಓದುಗನಿಗೆ ಎರಡರ ಅಂತರವು ಮರೆತುಹೋಗುವುದು ಸಹಜವಾಗಿತ್ತು. ೧೯೧೪ ರ ಮಹಾಯುದ್ಧ, ೧೯೧೭ ರಲ್ಲಿ ಜೆರೂಸಲೇಮು ಬ್ರಿಟಿಷರ ವಶವಾದುದು, ೧೯೪೮ ರಲ್ಲಿ ಇಸ್ರಾಯೇಲ್ ರಾಷ್ಟ್ರದ ಸ್ಥಾಪನೆ, ಇವೆಲ್ಲವೂ ಆ ಪಕ್ಷದವರ ನಂಬಿಕೆಯನ್ನು ಬಲಪಡಿಸಿದವು.

ಈ ಎರಡರ ನಡುವೆ ಇನ್ನು ಕೆಲವು ಪಕ್ಷಗಳೂ ಹುಟ್ಟಿದವು. ನಾರಿಚ್ ನಗರದ ರಾಬರ್ಟ್ ಗೋವೆಟ್ಟನು (೧೮೧೩–೧೯೦೧) ಎಚ್ಚತ್ತು ಕಾದಿರುವ ಭಕ್ತರು ಮಾತ್ರ ಮೊದಲು ಎತ್ತಲ್ಪಡುವರು, ಉಳಿದವರು ಸಂಕಟದಲ್ಲಿ ಪರಿಶುದ್ಧರಾಗಬೇಕೆಂದು ಬೋಧಿಸಿದನು. ಇದಕ್ಕೆ 'ಅಂಶಿಕ' ಪಕ್ಷವೆನ್ನಬಹುದು. ಚೀನಾದೇಶದ ವಾಚ್‌ಮನ್ ನೀ ಎಂಬ ಬೋಧಕನು ಈ ಪಕ್ಷಕ್ಕೆ ಸೇರಿದವನು. ಅವನು ೧೯೫೨ ರಲ್ಲಿ ಸೆರೆಯಾಗಿ, ಇಪ್ಪತ್ತು ವರ್ಷಗಳ ಬಂಧನದಲ್ಲಿಯೇ ೧೯೭೨ ರಲ್ಲಿ ತೀರಿಕೊಂಡನು. ೧೯೪೧ ರಲ್ಲಿ ನಾರ್ಮನ್ ಹ್ಯಾರಿಸನ್ನನು, ಪೌಲನು ಹೇಳುವ ಕೊನೆಯ ಕಹಳೆಯೂ ಪ್ರಕಟನೆಯ ಏಳನೆಯ ಕಹಳೆಯೂ ಒಂದೇ ಎಂದು ಹೊಂದಿಸಿ, ಏಳು ವರ್ಷಗಳ ನಡುವಿನಲ್ಲಿ, ಎಂದರೆ ಮೂರೂವರೆ ವರ್ಷಗಳಾದ ಮೇಲೆ, ಸಭೆಯು ಎತ್ತಲ್ಪಡುವುದೆಂದನು. ಇದು 'ಸಂಕಟಮಧ್ಯ' ಪಕ್ಷ. ೧೯೯೦ ರಲ್ಲಿ ಮಾರ್ವಿನ್ ರೋಸೆಂತಾಲನು, ಮನುಷ್ಯರು ಕೊಡುವ ಹಿಂಸೆ ಬೇರೆ, ದೇವರ ಕೋಪ ಬೇರೆ ಎಂದು ವಿಂಗಡಿಸಿ, ಸಭೆಯು ಮೊದಲನೆಯದನ್ನು ಅನುಭವಿಸಿ ಎರಡನೆಯದಕ್ಕೆ ಮುಂಚೆ ಎತ್ತಲ್ಪಡುವುದೆಂದು ವಾದಿಸಿದನು. ಇದು 'ಕೋಪಪೂರ್ವ' ಪಕ್ಷ.

ದಿನವನ್ನು ಗೊತ್ತುಮಾಡುವ ಚಾಪಲ್ಯವೂ ಪೂರ್ಣವಾಗಿ ಅಳಿಯಲಿಲ್ಲ. ಎಡ್ಗರ್ ವಿಸೆನೆಂಟನು ೧೯೮೮ ರ ಸೆಪ್ಟೆಂಬರ್ ತಿಂಗಳನ್ನು ಹೇಳಿದನು; ಹೆರಾಲ್ಡ್ ಕ್ಯಾಂಪಿಂಗನು ೨೦೧೧ ರ ಮೇ ೨೧ ನೆಯ ದಿನವನ್ನು ಹೇಳಿದನು. ಮಿಲ್ಲರನ ಅನುಯಾಯಿಗಳಂತೆ ಇವರನ್ನು ನಂಬಿದವರೂ ನಿರಾಶರಾದರು. ಆ ದಿನವೂ ಗಳಿಗೆಯೂ ಯಾರಿಗೂ ತಿಳಿಯದೆಂದು ಸುವಾರ್ತೆಯಲ್ಲಿಯೇ ಇರುವುದರಿಂದ, ಮೇಲೆ ಹೇಳಿದ ಪಕ್ಷಗಳ ವಿದ್ವಾಂಸರು ಇಂಥ ಗಣನೆಗಳನ್ನು ಒಪ್ಪುವುದಿಲ್ಲ.

ಹೊರಗಿನಿಂದ ನೋಡುವವರಿಗೆ ಏಳು ವರ್ಷಗಳ ಈ ಕಡೆ, ಆ ಕಡೆ ಎಂಬ ಜಗಳವು ಅಲ್ಪವಾಗಿ ತೋರಬಹುದು. ಆದರೆ ಇದರ ಹಿಂದೆ ಎಲ್ಲ ಮತಗಳಿಗೂ ಸಂಬಂಧಿಸಿದ ಒಂದು ಪ್ರಶ್ನೆಯಿದೆ. ದೇವರನ್ನು ನಂಬಿದವನು ಕಷ್ಟದಿಂದ ತಪ್ಪಿಸಲ್ಪಡುವನೋ, ಅಥವಾ ಕಷ್ಟದೊಳಗೆ ಕಾಪಾಡಲ್ಪಡುವನೋ? ಮೊದಲನೆಯದನ್ನು ನಂಬುವವನು, ತಂದೆಯು ಮಕ್ಕಳನ್ನು ತನ್ನ ಕೋಪದ ಬೆಂಕಿಯಲ್ಲಿ ಬಿಡುವನೆ ಎಂದು ಕೇಳುತ್ತಾನೆ. ಎರಡನೆಯದನ್ನು ನಂಬುವವನು, ಕಷ್ಟವೇ ಬರದೆಂದು ಕಲಿಸಿದರೆ ಅದು ಬಂದ ದಿನ ಭಕ್ತನು ಕುಸಿದುಬೀಳುವನಲ್ಲವೆ ಎಂದು ಕೇಳುತ್ತಾನೆ. ಎರಡು ಪ್ರಶ್ನೆಗಳೂ ಪ್ರಾಮಾಣಿಕವಾದವು. ಆದುದರಿಂದಲೇ ಇವರಲ್ಲಿ ಯಾರನ್ನೂ ಮೂಢರೆಂದು ತಳ್ಳಿಬಿಡುವುದು ಉಚಿತವಲ್ಲ.

ಕೇಡಾದುದು ಅಭಿಪ್ರಾಯಭೇದದಿಂದಲ್ಲ, ಅಭಿಪ್ರಾಯವನ್ನು ಸಹಭೋಜನದ ಷರತ್ತಾಗಿ ಮಾಡಿದುದರಿಂದ. ಇದಕ್ಕೆ ಬೇರೊಂದು ಮಾರ್ಗವೂ ಉಂಟೆಂಬುದಕ್ಕೆ ಒಂದು ನಿದರ್ಶನವನ್ನು ಹೇಳಿ ಮುಗಿಸುತ್ತೇವೆ. ಅಮೆರಿಕೆಯ ಇಲಿನಾಯ್ ಪ್ರಾಂತದ ಟ್ರಿನಿಟಿ ದೈವಜ್ಞಾನಶಾಲೆಯ ಮೂವರು ಅಧ್ಯಾಪಕರು ೧೯೮೪ ರಲ್ಲಿ ಕೂಡಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಪಾಲ್ ಫೈನ್‌ಬರ್ಗ್ ಸಂಕಟಪೂರ್ವ ಪಕ್ಷವನ್ನೂ, ಗ್ಲೀಸನ್ ಆರ್ಚರ್ ಮಧ್ಯಪಕ್ಷವನ್ನೂ, ಡಗ್ಲಸ್ ಮೂ ಅನಂತರಪಕ್ಷವನ್ನೂ ಪ್ರತಿಪಾದಿಸಿ, ಒಬ್ಬರ ವಾದವನ್ನು ಮತ್ತಿಬ್ಬರು ಅದೇ ಪುಸ್ತಕದಲ್ಲಿ ವಿಮರ್ಶಿಸಿದರು. ಯಾರೂ ತಮ್ಮ ನಿಲುವನ್ನು ಬಿಟ್ಟುಕೊಡಲಿಲ್ಲ. ಯಾರೂ ಇನ್ನೊಬ್ಬರನ್ನು ಹೊರಗೆ ಹಾಕಲೂ ಇಲ್ಲ. ಪ್ಲಿಮತ್ತಿನ ಒಡಕಿಗೂ ಈ ಪುಸ್ತಕಕ್ಕೂ ನಡುವೆ ಸುಮಾರು ನೂರನಾಲ್ವತ್ತು ವರ್ಷಗಳು ಕಳೆದಿದ್ದವು. ಗ್ರೋವ್ಸನು ಹಡಗು ಹತ್ತುವ ಮುನ್ನ ಬರೆದ ಕಾಗದವು ಅಷ್ಟು ಕಾಲದ ಮೇಲೆ ಓದಿಸಿಕೊಂಡಿತೆಂದು ಹೇಳಬಹುದು. ಪೌಲನು ಥೆಸಲೊನೀಕದವರಿಗೆ ಆ ಮಾತುಗಳನ್ನು ಬರೆದುದು ಪರಸ್ಪರ ಸಂತೈಸಿಕೊಳ್ಳುವುದಕ್ಕಾಗಿ. ಕಾಲವನ್ನು ಕುರಿತು ವಾದಿಸುವವರು ಆ ಕೊನೆಯ ವಾಕ್ಯವನ್ನು ಮರೆಯದಿದ್ದರೆ ವಾದದಿಂದ ಯಾರಿಗೂ ಹಾನಿಯಿಲ್ಲ.